ಈರವ್ವನ ಕತ್ತರಿ, ಇನ್ನೂರು ಗುಳಿಗೆ

ಈರವ್ವನ ಬಗ್ಗೆ ಬರೆಯಲು ಕುಳಿತರೆ ನನಗೆ ಮೊದಲು ಸೀನು ಬರುತ್ತದೆ. ಕಮರಿಪೇಟೆಯ ನಮ್ಮ ಓಣಿಯಲ್ಲಿ ಒಂಬತ್ತು ಮನೆಗಳಿಗೆ ವರ್ಷದ ಮೆಣಸಿನಕಾಯಿ ತರುವವಳು ಆಕೆಯೇ. ಫೆಬ್ರುವರಿ ಬಂತೆಂದರೆ ಒಂಬತ್ತು ಮನೆಯವರೂ ಚೀಲದ ಮೇಲೆ ಹೆಸರು ಬರೆದು ಆಕೆಯ ಕಟ್ಟೆಯ ಮೇಲೆ ಇಟ್ಟು ಬರುತ್ತಾರೆ. ಈರವ್ವ ಬ್ಯಾಡಗಿಗೆ ಹೋಗಿ, ರಾಶಿಯಿಂದ ರಾಶಿಗೆ ನಡೆದು, ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮುರಿದು, ಮೂಸಿ, ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಾಳೆ. ಆಕೆ ಒಂದು ರಾಶಿಯ ಮುಂದೆ ಕುಳಿತುಬಿಟ್ಟಳೆಂದರೆ ಆ ವರ್ಷದ ನಮ್ಮೆಲ್ಲರ ಸಾರಿನ ಬಣ್ಣ ಅಲ್ಲಿ ತೀರ್ಮಾನವಾಯಿತು ಎಂದೇ ಅರ್ಥ.

ಆಕೆಯ ಗಂಡ ಶಾಂತಯ್ಯನವರು ಮಾರ್ಕೆಟ್‌ನಲ್ಲಿ ಕಾಳುಕಡಿ ವ್ಯಾಪಾರ ಮಾಡಿದವರು. ಅಂಗಡಿ ಗಂಡನದಾದರೂ ಕೈ ಹೆಂಡತಿಯದು ಎಂದು ಓಣಿಯವರೆಲ್ಲ ಹೇಳುತ್ತಿದ್ದೆವು. ಜೋಳವನ್ನು ಅಂಗೈಯಲ್ಲಿ ಉಜ್ಜಿ, ಎಷ್ಟು ದಿನ ನೆಲದೊಳಗಿನ ಹಗೇವಿನಲ್ಲಿತ್ತು ಎಂದು ಹೇಳಿಬಿಡುತ್ತಿದ್ದಳು. ಹಂಚುವುದರಲ್ಲೂ ಆಕೆಯದೊಂದು ಪದ್ಧತಿ. ಮೂರು ಮೂಟೆ ಬಂದರೆ ಮೂರನ್ನೂ ಅಂಗಳಕ್ಕೆ ಸುರಿದು ಕಲಸುವಳು, ಆಮೇಲೆ ಪಾಲು.

"ಒಬ್ಬರಿಗೆ ಛಲೋದು, ಒಬ್ಬರಿಗೆ ಹಗರದ್ದು ಹೋಗಬಾರದು. ಎಲ್ಲಾರಿಗೂ ಎಲ್ಲಾ ಮೂಟಿದೂ ಬರಲಿ" ಎನ್ನುತ್ತಿದ್ದಳು.

ಇನ್ನು ನಾನು ಯಾರು ಎಂಬುದನ್ನೂ ಹೇಳಬೇಕು. ನನ್ನ ಹೆಸರು ಯಶೋಧರಾ. ಧಾರವಾಡದ ಬೀಜ ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಮೂವತ್ತೊಂದು ವರ್ಷ ನೂರು ನೂರು ಬೀಜ ಎಣಿಸಿ, ಒದ್ದೆ ಕಾಗದದ ಮೇಲಿಟ್ಟು, ಎಷ್ಟು ಮೊಳೆತವು ಎಂದು ಬರೆದವಳು. ಚೀಲಕ್ಕೆ ಚೀಟಿ ಇರದಿದ್ದರೆ, ಚೀಟಿಯ ಮೇಲೆ ಲಾಟ್ ನಂಬರೂ ತಾರೀಖೂ ಇರದಿದ್ದರೆ, ತಂದವರು ಯಾರೇ ಇರಲಿ, ಮರಳಿ ಕಳಿಸುತ್ತಿದ್ದೆ. ಒಮ್ಮೆ ದೊಡ್ಡ ಸಾಹೇಬರ ಭಾವಮೈದುನನನ್ನೇ ಕಳಿಸಿದ್ದೆ. ಜಂಬಕ್ಕೆ ಹೇಳುತ್ತಿಲ್ಲ. ಇಂಥವಳೂ ಹೇಗೆ ಎಡವಿದಳು ಎಂಬುದು ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಎರಡು ವರ್ಷದ ಹಿಂದೆ ಈರವ್ವ ಫೋನಿನಲ್ಲಿ ಔಷಧ ತರಿಸುವುದನ್ನು ಕಲಿತಳು. ಎಪ್ಪತ್ತನೆಯ ವಯಸ್ಸಿಗೆ ಕಲಿತಳು, ಅದಕ್ಕೆ ಮೆಚ್ಚಬೇಕು. ಮೊದಲು ತರಿಸಿದ್ದು ನೆಟ್ಟಗಿನ ಅಂಗಡಿಯಿಂದಲೇ. ಆದರೆ ಓಣಿಯ ಯಾರಿಗೇ ತರಿಸಲಿ, ಅವರು ಪ್ರತಿಯೊಬ್ಬರ ಡಾಕ್ಟರ್ ಚೀಟಿಯ ಫೋಟೋ ಕೇಳುತ್ತಿದ್ದರು. ಶಾಂತಯ್ಯನವರ ಚೀಟಿ ಹಳೆಯದಾಗಿತ್ತು, ನೆರೆಯ ಉಡಚಪ್ಪನವರ ಚೀಟಿಯ ಮೇಲೆ ಚಹಾ ಚೆಲ್ಲಿತ್ತು, ನನ್ನದು ಎಲ್ಲಿತ್ತೋ ನನಗೇ ನೆನಪಿರಲಿಲ್ಲ. ಈರವ್ವನಿಗೆ ಬೇಸರ ಬಂತು. ಅಷ್ಟರಲ್ಲಿ ಆಕೆಯ ವಚನ ಪಠಣದ ಗುಂಪಿಗೆ ಬೆಳಗಿನ ಹೂವಿನ ಚಿತ್ರಗಳ ನಡುವೆ ಯಾರೋ ಒಂದು ಸಂದೇಶ ಕಳಿಸಿದರು. ಚೀಟಿ ಬೇಕಿಲ್ಲ, ಸಗಟು ತೆಗೆದುಕೊಂಡರೆ ಅರ್ಧಕ್ಕಿಂತ ಕಡಿಮೆ ದರ. ಬಿಳಿ ಕೋಟಿನ ಡಾಕ್ಟರೊಬ್ಬ ನಗುತ್ತಿರುವ ಫೋಟೋ. ಈರವ್ವ ಫೋನ್ ಮಾಡಿದಳು. ಆ ಕಡೆಯವನು ಹಿಂದಿಯಲ್ಲಿ ಮಾತು ಮಾತಿಗೆ 'ಮಾತಾಜಿ' ಎಂದನಂತೆ.

ಸಗಟು ಎಂಬ ಮಾತು ಕೇಳಿದರೆ ಕಾಳಿನ ವ್ಯಾಪಾರಸ್ಥರ ಮನೆಯ ಹೆಂಗಸಿಗೆ ಸುಮ್ಮನೆ ಕೂರಲಾಗುವುದಿಲ್ಲ. ನಮ್ಮಲ್ಲಿ ನಾಲ್ಕು ಜನ ರಕ್ತದೊತ್ತಡಕ್ಕೆ ಒಂದೇ ಹೆಸರಿನ, ಒಂದೇ ಪ್ರಮಾಣದ ಗುಳಿಗೆ ತಿನ್ನುವವರಿದ್ದೆವು. ಶಾಂತಯ್ಯನವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಉಡಚಪ್ಪನವರು, ಹಿಂದಿನ ಓಣಿಯ ಹಾಜರಾಬಿ ಮತ್ತು ನಾನು. ಈರವ್ವ ಒಂದು ಡಬ್ಬಿ ತರಿಸಿದಳು. ಇಪ್ಪತ್ತು ಸ್ಟ್ರಿಪ್, ಒಂದರಲ್ಲಿ ಹತ್ತು, ಒಟ್ಟು ಇನ್ನೂರು ಗುಳಿಗೆ.

ಅವನ್ನು ಆಕೆ ಹೇಗೆ ಹಂಚಿದಳೆಂದು ನಾನೇ ಕಣ್ಣಾರೆ ನೋಡಿದ್ದೇನೆ. ಕತ್ತರಿ ತೆಗೆದುಕೊಂಡು ಪ್ರತಿ ಸ್ಟ್ರಿಪ್ಪನ್ನೂ ಎರಡೆರಡು ಗುಳಿಗೆಯ ಐದು ತುಂಡು ಮಾಡಿದಳು. ನೂರು ತುಂಡನ್ನೂ ಮೊರದಲ್ಲಿ ಹಾಕಿ ಕಲಸಿದಳು. ಆಮೇಲೆ ಮನೆಗೆ ಇಪ್ಪತ್ತೈದು ತುಂಡಿನಂತೆ ಕಾಗದದ ಪೊಟ್ಟಣ ಕಟ್ಟಿ ಕೊಟ್ಟಳು. ಎಲ್ಲರಿಗೂ ಎಲ್ಲಾ ಸ್ಟ್ರಿಪ್ಪಿನದೂ ಬರಲಿ ಎಂದು. ನಾನು ಎದುರಿಗೆ ಕುಳಿತು ಚಹಾ ಕುಡಿಯುತ್ತಿದ್ದೆ. ಲಾಟ್ ನಂಬರಿಲ್ಲದ ಚೀಲವನ್ನು ಮೂವತ್ತೊಂದು ವರ್ಷ ಮರಳಿ ಕಳಿಸಿದವಳು ಆ ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ಯಾಕೆಂದರೆ ಕೊಟ್ಟವಳು ಈರವ್ವ.

ಹದಿನೆಂಟನೆಯ ದಿನ ಮುಂಜಾನೆ ಓಣಿಯ ಡಾಕ್ಟರ್ ಸೌಮ್ಯಾ ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಬಿಟ್ಟು, ಮತ್ತೆ ಸುತ್ತಿದರು. ನೂರಾ ಎಂಬತ್ತೆರಡು.

"ಆಂಟಿ, ಗುಳಿಗಿ ಬಿಟ್ಟೀರೇನ್ರಿ?"

"ಒಂದು ದಿನಾನೂ ಬಿಟ್ಟಿಲ್ಲರಿ. ಇವತ್ತೂ ತಗೊಂಡ ಬಂದೇನಿ."

"ತೋರಸ್ರಿ."

ಪರ್ಸಿನಿಂದ ಒಂದು ತುಂಡು ತೆಗೆದು ಮೇಜಿನ ಮೇಲಿಟ್ಟೆ. ಎರಡು ಗುಳಿಗೆ, ಹಿಂದೆ ಹೊಳೆಯುವ ಹಾಳೆ, ಹಾಳೆಯ ಮೇಲೆ ಅರ್ಧಕ್ಕೇ ನಿಂತ ಮೂರು ಇಂಗ್ಲಿಷ್ ಅಕ್ಷರ. ಡಾಕ್ಟರು ಅದನ್ನು ತಿರುವಿ ಮುರುವಿ ನೋಡಿದರು. ಇದು ಯಾವ ಗುಳಿಗೆ, ಯಾರು ಮಾಡಿದ್ದು, ಯಾವಾಗಿನದು ಎಂದು ಕೇಳಿದರು. ಚೀಲ ತಂದವರಿಗೆ ನಾನು ಕೇಳುತ್ತಿದ್ದ ಪ್ರಶ್ನೆಗಳೇ. ಆ ಕುರ್ಚಿಯಲ್ಲಿ ನನಗಾದ ನಾಚಿಕೆ ಇಡೀ ನೌಕರಿಯಲ್ಲಿ ಒಮ್ಮೆಯೂ ಆಗಿರಲಿಲ್ಲ.

ಡಾಕ್ಟರು ಅಂಗಡಿಯ ಹೊಸ ಗುಳಿಗೆ ಬರೆದುಕೊಟ್ಟು ಒಂದು ಮಾತು ಹೇಳಿದರು: "ಉಳಿದವರಿಗೂ ಇವತ್ತ ಹೇಳ್ರಿ. ಆದ್ರ ಬರೇ ಬಿಡಸಬ್ಯಾಡ್ರಿ, ಇಲ್ಲಿಗೆ ಕಳಸ್ರಿ. ಗುಳಿಗಿ ಇಲ್ಲದ ಇದ್ರೂ ತ್ರಾಸ, ಇಂಥಾದು ತಿಂದ್ರೂ ತ್ರಾಸ."

ಅಲ್ಲಿಂದ ನೇರವಾಗಿ ಈರವ್ವನ ಮನೆಗೆ ನಡೆದೆ. ಸಿಟ್ಟು ನೆತ್ತಿಗೇರಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ಆಕೆಯನ್ನು ಏಕವಚನದಲ್ಲಿ ಮಾತಾಡಿಸಿದೆ.

"ಈರಕ್ಕಾ, ಏನ ಕೊಟ್ಟಿ ನಮಗ?"

ಈರವ್ವ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿದಳು. ವಿಷಯ ಕೇಳಿ ಮುಖ ಕೆಂಪಾಯಿತು. "ನಾ ಕೊಟ್ಟದ್ದು ಎಂದಾದ್ರೂ ಕೆಟ್ಟದ್ದಾಗೈತೇನ? ಒಂದು ಕಾಯಿ ಹುಳುಕ ಬಂದೈತೇನ ನಿಮ್ಮ ಮನಿಗಿ? ಇಲ್ಲಿ ತಾ ಅದನ್ನ."

ತುಂಡು ಕೊಟ್ಟೆ. ಆಕೆ ಒಂದು ಗುಳಿಗೆಯನ್ನು ಹೊರಗೆ ಒತ್ತಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ಮೂಸಿದಳು. ಕಿವಿಯ ಹತ್ತಿರ ಹಿಡಿದಳು. ಉಗುರಿನಿಂದ ಮುರಿದು, ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಬಿಳಿ ಪುಡಿ, ಅಷ್ಟೇ. ನಾನು ಬಾಯಿ ತುಂಬ ಬೈಗುಳ ಇಟ್ಟುಕೊಂಡು ನಿಂತಿದ್ದವಳು ಆಕೆಯ ಮುಖ ನೋಡಿ ಪಕ್ಕದಲ್ಲಿ ಕುಳಿತೆ.

"ಯಶೋಧರಾ, ಇದರಾಗ ನನ್ನ ಕೈಗಿ ಏನೂ ತಿಳಿಯಾಂಗಿಲ್ಲ" ಎಂದಳು. ಮುರಿದ ಗುಳಿಗೆಯನ್ನು ಕಾಗದದ ಮೇಲಿಟ್ಟು, "ತಿಳೀಲಾರದ್ದನ್ನ ನಾ ಹೆಂಗ ಹಂಚಿದೆ?" ಎಂದಳು. ಅದು ನನ್ನನ್ನು ಕೇಳಿದ್ದಲ್ಲ.

ಕೈ ಸೋತ ಕಡೆ ನನ್ನ ಕಣ್ಣಿನ ಕೆಲಸ. "ಡಬ್ಬಿ ಐತೇನು?" ಎಂದೆ. ನಮ್ಮ ಓಣಿಯಲ್ಲಿ ಯಾವ ಡಬ್ಬಿಯನ್ನೂ ಯಾರೂ ಬಿಸಾಡುವುದಿಲ್ಲ. ಈರವ್ವ ಅದರಲ್ಲಿ ಸೂಜಿ ದಾರ ಇಟ್ಟಿದ್ದಳು. ಅದನ್ನು ಖಾಲಿ ಮಾಡಿ ತಂದಳು. ಶಾಂತಯ್ಯನವರ ಪೊಟ್ಟಣವನ್ನೂ ಬಿಚ್ಚಿ, ಅಂಚಿನಲ್ಲಿ ನಂಬರು ಒತ್ತಿದ ತುಂಡುಗಳನ್ನು ಮಾತ್ರ ಆರಿಸಿ ಸಾಲಾಗಿ ಇಟ್ಟೆ. ಭೂತಗನ್ನಡಿ ಹಿಡಿದು ಓದಿದೆ. ಡಬ್ಬಿಯ ಮೇಲೆ ಒಂದು ಬ್ಯಾಚ್ ನಂಬರು, ತುಂಡುಗಳ ಮೇಲೆ ಬೇರೆ. ಒಂದು ತುಂಡಿನ ಅವಧಿ ಮುಂದಿನ ವರ್ಷ ಮುಗಿಯುವುದಿತ್ತು, ಇನ್ನೊಂದರದು ಮುಗಿದು ಏಳು ತಿಂಗಳಾಗಿತ್ತು. ತಯಾರಿಸಿದವರ ವಿಳಾಸ ಎಲ್ಲಿಯೂ ಇರಲಿಲ್ಲ. ಈರವ್ವ ಆ ಮಾತಾಜಿ ಎನ್ನುವವನಿಗೆ ಫೋನ್ ಹಚ್ಚಿದಳು. ನಂಬರು ಬಂದ್ ಆಗಿತ್ತು.

ಯಾರಿಗೂ ಅನ್ಯಾಯವಾಗಬಾರದೆಂದು ಮೊರದಲ್ಲಿ ಕಲಸಿ, ಅನ್ಯಾಯವನ್ನೇ ನಾಲ್ಕು ಪಾಲು ಮಾಡಿಕೊಂಡಿದ್ದೆವು.

"ಎಲ್ಲಾರಿಗೂ ಫೋನ್ ಮಾಡಿ ಒಗೀರಿ ಅಂತ ಹೇಳೂಣ" ಎಂದೆ.

ಈರವ್ವ ಎದ್ದು ನಿಂತು ಸೆರಗು ಸಿಕ್ಕಿಸಿದಳು. "ಬ್ಯಾಡ. ಫೋನಿನ್ಯಾಗ ಹೂಂ ಅಂತಾರ, ಆಮ್ಯಾಗ ನಾಕು ಎತ್ತಿಡತಾರ. ನಮ್ಮ ಮಂದಿ ನನಗ ಗೊತ್ತಿಲ್ಲೇನು? ನನ್ನ ಕೈಲೆ ಹೋಗೈತಿ, ನನ್ನ ಕೈಗೇ ಬರಬೇಕು. ಇನ್ನೂರು ಕೊಟ್ಟೇನಿ. ಒಬ್ಬೊಬ್ಬರು ಹದಿನೆಂಟು ತಿಂದೀರಿ. ಐವತ್ತರಾಗ ಮೂವತ್ತೆರಡು ಉಳೀಬೇಕು. ಒಂದು ಕಡಿಮಿ ಬಿದ್ದರೂ ನಾ ಬಿಡಾಂಗಿಲ್ಲ."

ಮೊದಲು ನನ್ನ ಪೊಟ್ಟಣ. ಮುರಿದ ಗುಳಿಗೆಯೂ ಸೇರಿ ಮೂವತ್ತೆರಡು. ಆಮೇಲೆ ಗಂಡನದು, ಅದೂ ಮೂವತ್ತೆರಡು. ಶಾಂತಯ್ಯನವರು ಪತ್ರಿಕೆಯಿಂದ ಕಣ್ಣು ತೆಗೆಯದೆ, "ನಾ ಆರಾಮ ಇದ್ದೇನಲ್ಲ" ಎಂದರು. ಈರವ್ವ ಪತ್ರಿಕೆ ಕಸಿದು ಮಡಚಿಟ್ಟು, ಚಪ್ಪಲಿ ಮುಂದಿಟ್ಟು, ಅವರನ್ನು ಡಾಕ್ಟರ್ ಸೌಮ್ಯಾರ ಹತ್ತಿರ ಕಳಿಸಿದಳು. ಆರಾಮ ಇದ್ದವರಿಗೆ ಅಲ್ಲಿ ನೂರಾ ಎಪ್ಪತ್ತಾರು ಇತ್ತು.

ಉಡಚಪ್ಪನವರು ಪೊಟ್ಟಣ ತಂದು ಕೊಟ್ಟರು. ಈರವ್ವ ಅವರ ಕಟ್ಟೆಯ ಮೇಲೆ ಕುಳಿತು ಎಣಿಸಿದಳು. ಇಪ್ಪತ್ತಾರು.

"ಉಡಚಪ್ಪಣ್ಣ, ಆರು ಕಡಿಮಿ ಅದಾವು."

"ತಿಂದಿರಬೇಕವಾ."

"ದಿನಕ್ಕ ಒಂದ ತಿನ್ನಾವ್ರು ನೀವು. ಆರು ಹೆಚ್ಚಿಗಿ ತಿಂದಿದ್ರ ಹೇಳ್ರಿ, ಈಗ ದವಾಖಾನಿಗಿ ಹೊತಗೊಂಡು ಹೋಗತೇನಿ. ತಿಂದಿಲ್ಲಂದ್ರ ತರ್ರಿ. ನಾ ಏಳಾಂಗಿಲ್ಲ."

ಈರವ್ವ ಕಾಲು ಮಡಚಿ ಸರಿಯಾಗಿ ಕುಳಿತುಕೊಂಡಳು. ಎದುರು ಮನೆಯವರು ಹೊರಗೆ ಬಂದು ನೋಡತೊಡಗಿದರು. ಉಡಚಪ್ಪನವರು ಒಳಗೆ ಹೋಗಿ ಬಂದು, ಕನ್ನಡಕದ ಡಬ್ಬಿ ತೆರೆದು, ಮೂರು ತುಂಡು ಅಂಗೈಯಲ್ಲಿಟ್ಟರು. ಊರಿಗೆ ಹೋದಾಗ ಬೇಕಾಗಬಹುದೆಂದು ಎತ್ತಿಟ್ಟಿದ್ದರಂತೆ. ಈರವ್ವ ನನ್ನ ಕಡೆ ನೋಡಿದಳು. ಆಕೆ ಹೇಳಿದ್ದು ಖರೇ ಇತ್ತು. ಅವರನ್ನೂ ಡಾಕ್ಟರ್ ಸೌಮ್ಯಾರ ಹತ್ತಿರ ಕಳಿಸಿ ಮುಂದೆ ನಡೆದೆವು.

ಹಾಜರಾಬಿಯ ಮನೆಯಲ್ಲಿ ಸಿಕ್ಕಿದ್ದು ಹನ್ನೆರಡು. ಇಪ್ಪತ್ತು ಕಡಿಮೆ. ಆಕೆಗೆ ಸುಳ್ಳು ಹೇಳಲು ಬರುವುದಿಲ್ಲ, ಕೂಡಲೇ ಬಾಯಿ ಬಿಟ್ಟಳು.

"ನಮ್ಮ ಅಕ್ಕಗ ಕೊಟ್ಟೇನ್ರಿ, ಖಾತುನಬಿಗಿ. ಆಕೀಗೂ ಬೀಪಿ ಐತಲ್ರಿ. ಆಕಿ ಗುಳಿಗಿ ತೀರಿದ್ವು, ಬೀಪಿ ಗುಳಿಗಿ ಎಲ್ಲಾ ಒಂದ ಅಂತ ಕೊಟ್ಟೆ."

"ಆಕಿ ಮೊದಲ ತಿನ್ನತಿದ್ದದ್ದು ಇದೇ ಗುಳಿಗಿ ಏನು?" ಎಂದೆ.

"ಇಲ್ರಿ. ಅದು ಬ್ಯಾರೆ ಬಣ್ಣದ್ದು."

ಖಾತುನಬಿ ಇರುವುದು ತಾರಿಹಾಳದ ಹತ್ತಿರ, ಮಗಳು ಮಹೆಕಳ ಜೊತೆ. ಮಹೆಕ ವಾಲ್ವ್ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಒಳಗೆ ಫೋನ್ ಒಯ್ಯಲು ಬಿಡುವುದಿಲ್ಲ. ಹಗಲು ಖಾತುನಬಿ ಒಬ್ಬಳೇ. ಹಾಜರಾಬಿ ಮೂರು ಸಲ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಆಗ ಹಾಜರಾಬಿ, ಎರಡು ದಿನದಿಂದ ಅಕ್ಕ ತಲೆ ಭಾರ ಅನ್ನುತ್ತಿದ್ದಾಳೆ, ಕನ್ನಡಕದ ನಂಬರು ಬದಲಾಗಿರಬೇಕು ಅಂದುಕೊಂಡೆವು ಎಂದಳು. ಈರವ್ವ ಮುಂದಿನ ಮಾತು ಕೇಳಲಿಲ್ಲ. ಓಣಿಯ ಬಾಯಿಗೆ ಓಡಿಹೋಗಿ ಆಟೋ ನಿಲ್ಲಿಸಿದ್ದಳು. ಮಂಡಿ ನೋವೆಂದು ದಿನಾ ನರಳುವ ಹೆಂಗಸು ಓಡಿದ್ದನ್ನು ನಾನು ಅವತ್ತೇ ನೋಡಿದ್ದು.

ದಾರಿಯುದ್ದಕ್ಕೂ ಆಕೆ ಒಂದೇ ಲೆಕ್ಕ ಹಾಕುತ್ತಿದ್ದಳು. ಇಪ್ಪತ್ತರಲ್ಲಿ ಹದಿನೆಂಟು ತಿಂದಿದ್ದರೆ ಎರಡು ಉಳಿಯಬೇಕು. ನನಗೆ ಮಾತ್ರ ಆ ಹದಿನೆಂಟರ ಭಯ. ಹದಿನೆಂಟು ದಿನ ಒಂದು ಮುದಿಜೀವ ಔಷಧವಿಲ್ಲದೆ, ಔಷಧ ತಿನ್ನುತ್ತಿದ್ದೇನೆಂಬ ಧೈರ್ಯದಲ್ಲಿ ಇತ್ತಲ್ಲ.

ಬಾಗಿಲು ಮುಂದಕ್ಕೆ ಎಳೆದಿತ್ತು, ಚಿಲಕ ಹಾಕಿರಲಿಲ್ಲ. ಖಾತುನಬಿ ಮಂಚದ ಮೇಲೆ ಮಲಗಿದ್ದಳು. ಕಣ್ಣಿನ ಮೇಲೆ ಒದ್ದೆ ಅರಿವೆ. ಫೋನು ಅಡುಗೆಮನೆಯಲ್ಲಿ ಬಡಿದುಕೊಂಡು ಸುಮ್ಮನಾಗಿತ್ತು. ತಂಗಿಯ ದನಿ ಕೇಳಿ ಅರಿವೆ ತೆಗೆಯದೆಯೇ ಮಾತಾಡಿದಳು.

"ಬಂದ್ಯಾ ಹಾಜರಾ? ತಲಿ ಸಿಡೀತೈತಿ ನೋಡು, ಬೆಳಕ ನೋಡಾಕ ಆಗವಲ್ತು. ಗುಳಿಗಿ ಎರಡ ಉಳದಾವು. ಇನ್ನೊಂದಿಷ್ಟು ಇಸ್ಕೊಂಡು ಬಂದೀಯೇನು? ಕಮರಿಪೇಟಿ ಈರವ್ವ ಕೊಟ್ಟದ್ದು ಕಣ್ಣು ಮುಚ್ಚಿ ನುಂಗಬೇಕು ಅಂತ ನೀನ ಅಂದಿದ್ದೆಲ್ಲ."

ಹಾಜರಾಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಈರವ್ವ ಮಂಚದ ಹತ್ತಿರ ಹೋಗಿ ನೆಲಕ್ಕೆ ಕುಳಿತಳು. ಆಕೆ ಖಾತುನಬಿಯನ್ನು ಅಲ್ಲಿಯವರೆಗೆ ನೋಡಿದ್ದೇ ಇಲ್ಲ. ಆ ಒದ್ದೆ ಅರಿವೆಯನ್ನು ತಾನೇ ತೆಗೆದಳು.

"ನಾನ ಆ ಈರವ್ವ. ಕಣ್ಣು ತೆರೀರಿ, ನನ್ನ ಮಾರಿ ನೋಡ್ರಿ. ನಾ ಕೊಟ್ಟದ್ದು ಗುಳಿಗ್ಯಲ್ಲ, ಮೋಸ. ಗೊತ್ತಿಲ್ಲದ ಕೊಟ್ಟೇನಿ. ಆಮ್ಯಾಗ ಎಷ್ಟ ಬೇಕಾದ್ರೂ ಬೈರಿ, ಈಗ ದವಾಖಾನಿಗಿ ನಡೀರಿ."

ದೊಡ್ಡ ಆಸ್ಪತ್ರೆಯಲ್ಲಿ ಇನ್ನೂರಾ ಹದಿನಾಲ್ಕು ತೋರಿಸಿತು. ಅಲ್ಲಿಯ ಡಾಕ್ಟರು, ಇನ್ನೊಂದೆರಡು ದಿನ ಬಿಟ್ಟಿದ್ದರೆ ಲಕ್ವ ಹೊಡೆಯುತ್ತಿತ್ತು ಎಂದರು. ಖಾತುನಬಿಯನ್ನು ಮೂರು ದಿನ ಇಟ್ಟುಕೊಂಡರು. ಪುಣ್ಯಕ್ಕೆ ಕೈಕಾಲಿಗೆ, ಮಾತಿಗೆ ಏನೂ ಆಗಲಿಲ್ಲ.

ಕೆಲಸ ಬಿಟ್ಟು ಓಡಿಬಂದ ಮಹೆಕ ಆಸ್ಪತ್ರೆಯ ಬಾಗಿಲಲ್ಲೇ ಈರವ್ವನನ್ನು ತರಾಟೆಗೆ ತೆಗೆದುಕೊಂಡಳು. "ನಿಮಗ ಯಾರು ಡಾಕ್ಟರಕಿ ಕೊಟ್ಟಾರ್ರೀ? ನಮ್ಮ ಅಮ್ಮಿಗಿ ಏನರ ಆಗಿದ್ರ ಯಾರು ಹೊಣಿ?" ನಾನು ಈರವ್ವನ ಪರವಾಗಿ ಏನೋ ಹೇಳಹೋದೆ. ಈರವ್ವ ನನ್ನ ಕೈ ಹಿಡಿದು ತಡೆದಳು. "ಆಡಲಿ ಬಿಡು, ಆಕಿ ಅನ್ನೂದು ಬರೋಬ್ಬರಿ ಐತಿ" ಎಂದು ತಲೆ ತಗ್ಗಿಸಿ ನಿಂತು ಕೊನೆಯತನಕ ಕೇಳಿದಳು. ಆಮೇಲೆ ಮಹೆಕಳ ಮುಂದೆ ಕೈಚೀಲ ತೆರೆದು, ಖಾತುನಬಿಯ ಎರಡು ಗುಳಿಗೆಯನ್ನೂ ಸೇರಿಸಿ ಎಣಿಸಿದಳು. ನೂರಾ ಹತ್ತು. ಲೆಕ್ಕ ಸರಿಹೋಯಿತು. ಅವತ್ತು ಬೆಳಗಿನಿಂದ ಆಕೆ ಒಂದು ಗುಟುಕು ನೀರೂ ಕುಡಿದಿರಲಿಲ್ಲ.

ಆ ನೂರಾ ಹತ್ತನ್ನೂ ಡಬ್ಬಿಯನ್ನೂ ಔಷಧ ನಿಯಂತ್ರಣದ ಕಚೇರಿಗೆ ನಾವಿಬ್ಬರೂ ಒಯ್ದು ಕೊಟ್ಟೆವು. ದೂರು ನಾನು ಬರೆದೆ, ಹೆಬ್ಬೆಟ್ಟಿನಷ್ಟು ದಪ್ಪ ಅಕ್ಷರದಲ್ಲಿ ಸಹಿ ಆಕೆ ಮಾಡಿದಳು. ಹೆಸರು ಬೇಡವೆಂದರೂ ಕೇಳಲಿಲ್ಲ. "ಹಂಚಿದಾಕಿ ನಾನು, ಹಂಗ ಬರಿ" ಎಂದಳು. ಒಂದೂವರೆ ತಿಂಗಳ ಮೇಲೆ ವರದಿ ಬಂತು: ಗುಳಿಗೆಯಲ್ಲಿ ಔಷಧದ ಅಂಶ ಹೆಸರಿಗಷ್ಟೇ, ಉಳಿದದ್ದು ಸುಣ್ಣದಂಥ ಪುಡಿ. ಈರವ್ವ ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿ, ಮಡಚಿ ದೇವರ ಜಗುಲಿಯ ಕೆಳಗಿಟ್ಟಳು.

ಇನ್ನು ಫೋನಿನ ಸಹವಾಸವೇ ಬೇಡ ಎನ್ನುತ್ತಾಳೆಂದು ನಾನು ಅಂದುಕೊಂಡಿದ್ದೆ. ಈರವ್ವ ಅಂಥವಳಲ್ಲ. "ಒಂದು ರಾಶಿ ಕೆಟ್ಟಿತ್ತಂತ ಮಾರ್ಕೆಟ್ಟಿಗಿ ಹೋಗೂದು ಬಿಡತೇವೇನು? ಉಡಚಪ್ಪಣ್ಣಗ ಪದೇ ಪದೇ ಮೆಟ್ಟಲಾ ಇಳಿಯಾಕ ಆಗಾಂಗಿಲ್ಲ, ಆತಗ ಮನಿಗೇ ಬರಬೇಕು. ನೋಡಿ ತರಸೂದು ಕಲೀಬೇಕು" ಎಂದಳು. ಮೊದಲು ನಾಲ್ಕೂ ಜನರನ್ನು ಡಾಕ್ಟರ್ ಸೌಮ್ಯಾರಲ್ಲಿಗೆ ಅಟ್ಟಿ ಹೊಸ ಚೀಟಿ ಬರೆಸಿದಳು. ಈಗ ಪ್ರತಿಯೊಬ್ಬರದೂ ಅವರವರ ಹೆಸರಿನಲ್ಲಿ, ಅವರವರ ಚೀಟಿಗೆ ಬರುತ್ತದೆ. ಚೀಟಿ ಕೇಳುವ ಅಂಗಡಿಯ ಮೇಲೆ ಮೊದಲು ಬೇಸರಪಟ್ಟವಳು ಈಗ ಚೀಟಿ ಕೇಳದವನನ್ನು ಅಂಗಡಿಯವನೆಂದೇ ಒಪ್ಪುವುದಿಲ್ಲ.

ಒಂದು ದಿನ ಅಂಥದೇ ಇನ್ನೊಂದು ಅಗ್ಗದ ಸಂದೇಶ ಬಂತು. ಅಳಿಸಿ ಹಾಕಿ ಎಂದೆ. ಈರವ್ವ ಬೇಕೆಂದೇ ಫೋನ್ ಹಚ್ಚಿ, ನನಗೂ ಕೇಳುವಂತೆ ಜೋರು ಮಾಡಿದಳು.

"ನಿಮ್ಮ ಅಂಗಡಿ ಯಾವ ಊರಾಗೈತ್ರಿ? ಲೈಸೆನ್ಸ್ ನಂಬರ್ ಹೇಳ್ರಿ, ನಮ್ಮ ತಂಗಿ ಬರಕೊಂತಾಳ. ಗುಳಿಗಿ ನೋಡಿ ಕೊಡೋ ಫಾರ್ಮಸಿಸ್ಟರ ಹೆಸರೇನ್ರಿ? ಅವರ ಕೈಯಾಗ ಫೋನ್ ಕೊಡ್ರಿ."

ಆ ಕಡೆಯವನು ಫೋನ್ ಕತ್ತರಿಸಿದ. ಈರವ್ವ ನನ್ನತ್ತ ತಿರುಗಿ, "ಕಾಯಿ ಮುರದು ನೋಡಿದಂಗ ಆತು. ಒಳಗ ಬೂಷ್ಟು" ಎಂದಳು. ಬಹಳ ದಿನದ ಮೇಲೆ ಆಕೆಯ ಮುಖದಲ್ಲಿ ಹಳೆಯ ಗತ್ತು ಕಂಡೆ.

ಪಾರ್ಸಲ್ ಬಂದರೆ ನನ್ನನ್ನು ಕರೆಯುತ್ತಾಳೆ. ಆಕೆ ಸೀಲು ನೋಡುತ್ತಾಳೆ, ನಾನು ಭೂತಗನ್ನಡಿ ಹಿಡಿದು ಹೆಸರು, ಪ್ರಮಾಣ, ತಾರೀಖು, ಬ್ಯಾಚ್ ನಂಬರು ಬಿಲ್ಲಿನ ಜೊತೆ ತಾಳೆ ಹಾಕುತ್ತೇನೆ. ಗುಳಿಗೆಯ ಬಣ್ಣವೋ ಆಕಾರವೋ ಬೇರೆ ಕಂಡರೆ, ಡಾಕ್ಟರನ್ನು ಕೇಳುವವರೆಗೆ ಅದು ಯಾರ ಬಾಯಿಗೂ ಹೋಗುವುದಿಲ್ಲ. ಸ್ಟ್ರಿಪ್ಪುಗಳು ಇಡಿಯಾಗಿಯೇ ಮನೆ ಸೇರುತ್ತವೆ. ಕತ್ತರಿ ಮೊಳೆಗೆ ನೇತು ಬಿದ್ದಿದೆ, ಹೂಮಾಲೆಯ ದಾರಕ್ಕಷ್ಟೇ ಇಳಿಯುತ್ತದೆ.

ಆದರೆ ಆಕೆಯೊಳಗೆ ಒಂದು ಮುಳ್ಳು ಉಳಿದೇ ಇತ್ತು. ಜನವರಿ ಮುಗಿಯುತ್ತ ಬಂದಾಗ ಹೊರಗೆ ಹಾಕಿದಳು. "ಈ ವರ್ಷ ಮೆಣಸಿನಕಾಯಿಗಿ ನಾ ಯಾರನ್ನೂ ಕೇಳಾಂಗಿಲ್ಲ. ಯಾವ ಮಾರಿ ಇಟ್ಕೊಂಡು ಕೇಳಲಿ? ನಮ್ಮ ಮನಿದಷ್ಟ ತರತೇನಿ." ನಮ್ಮ ಚೀಲವಂತೂ ನಾನು ಕೊಡುವವಳೇ, ಉಳಿದವರ ಮನಸ್ಸು ನಾನು ಹೇಗೆ ಹೇಳಲಿ?

ಫೆಬ್ರುವರಿಯ ಮೊದಲ ಸೋಮವಾರ ಬೆಳಿಗ್ಗೆ ನನ್ನ ಚೀಲ ಹಿಡಿದು ಹೋದೆ. ಕಟ್ಟೆಯ ಮೇಲೆ ಆಗಲೇ ಉಡಚಪ್ಪನವರ ಚೀಲ ಇತ್ತು. ಎರಡೂ ತುದಿಗೆ ಬಿಗಿಯಾಗಿ ಹೊಲಿದ ಹಿಡಿಕೆ, ಮೇಲೆ ಬಸ್ಸಿನ ಮೇಲೆ ಬರೆದಂಥ ದಪ್ಪ ಅಕ್ಷರದಲ್ಲಿ ಹೆಸರು. ಹತ್ತು ಗಂಟೆಯ ಹೊತ್ತಿಗೆ ಒಂಬತ್ತೂ ಬಂದವು. ಈರವ್ವ ಬಾಗಿಲಲ್ಲಿ ನಿಂತು ಒಂದೊಂದನ್ನೂ ನೋಡಿದಳೇ ಹೊರತು ಮುಟ್ಟಲಿಲ್ಲ.

ಮಧ್ಯಾಹ್ನ ಮಹೆಕ ಬಂದಳು. ಆಸ್ಪತ್ರೆಯ ಬಾಗಿಲಿನ ಆ ದಿನದ ನಂತರ ಆಕೆ ಈ ಕಡೆ ಬಂದದ್ದು ಅದೇ ಮೊದಲು. ಅವಳ ಕೈಯಲ್ಲಿಯೂ ಒಂದು ಚೀಲ. ಹತ್ತನೆಯದು. ಮೇಲೆ 'ಖಾತುನಬಿ, ತಾರಿಹಾಳ' ಎಂದು ಬರೆದಿತ್ತು.

"ಅಮ್ಮಿ ಕೊಟ್ಟಾಳ್ರಿ, ನಾಕು ಕಿಲೋ ಬೇಕಂತ. ಆದ್ರ ಸುಮ್ಮನ ಕಳಸಾಂಗಿಲ್ಲಂತ್ರಿ. ನಿಮ್ಮ ಜೋಡಿ ಬ್ಯಾಡಗಿಗಿ ತಾನೂ ಬರತಾಳಂತ. ತನ್ನ ಕಾಯಿ ತಾನ ಮುರದು ನೋಡತಾಳಂತ."

ಈರವ್ವ ಆ ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ನಗು ಬಂತು, ಜೊತೆಗೆ ಅಳುವೂ ಬಂತು, ಎರಡನ್ನೂ ಸೆರಗಿನಿಂದ ಒರೆಸಿಕೊಂಡಳು.

"ಬರ್ಲಿ" ಎಂದಳು. "ಆಕಿ ನೋಡಿ ಹೂಂ ಅನ್ನೂತನಕ ನಾ ಒಂದು ಕಾಯಿನೂ ತೂಗಸಾಂಗಿಲ್ಲ."